ಎಡಗಾಲಿನ ಚಪ್ಪಲಿ ಕೊಟ್ಟು ನೀರಿಗಿಳಿಯಿರಿ

ಬೆಳಗಿನ ಐದೂವರೆ. ದೋಣಿಕಟ್ಟೆಯ ನಲ್ಲಿಯ ಕೆಳಗೆ ಮೂರು ಪ್ಲಾಸ್ಟಿಕ್ ಟಬ್ಬುಗಳು. ಒಂದರಲ್ಲಿ ಸೋಪಿನ ನೀರು, ಎರಡರಲ್ಲಿ ಸಿಹಿನೀರು. ಐವತ್ತೆರಡರ ಆಕೆ ಮಣೆಯ ಮೇಲೆ ಕೂತು, ನೀರೊಳಗೆ ನೋಡುವ ಕನ್ನಡಕಗಳನ್ನೂ ಉಸಿರಾಡುವ ಕೊಳವೆಗಳನ್ನೂ ಒಂದೊಂದಾಗಿ ತೊಳೆಯುತ್ತಿದ್ದಾರೆ. ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ, ಹಲ್ಲಿನ ಗುರುತು ಆಳವಾಗಿದ್ದರೆ ಪಕ್ಕಕ್ಕಿಡುತ್ತಾರೆ. "ಯಾರೋ ನಿನ್ನೆ ಹೆದರ್ಕೊಂಡಿದ್ದಾರೆ," ಎನ್ನುತ್ತಾರೆ. ಮುಂದಿನ ಕೊಳವೆ ಎತ್ತಿಕೊಳ್ಳುತ್ತಾರೆ.

ದಿನಕ್ಕೆ ಮೂರು ದ್ವೀಪ ಸುತ್ತಿಸಿ, ಹವಳದ ದಿಬ್ಬಗಳ ಮೇಲೆ ತೇಲಾಡಿಸಿ ಸಂಜೆಗೆ ವಾಪಸ್ ತರುವ ಅಗ್ಗದ ದೋಣಿ ಇದು. ದುಬಾರಿ ದೋಣಿಗಳಲ್ಲಿ ಆರು ಜನಕ್ಕೊಬ್ಬ ಮಾರ್ಗದರ್ಶಿ ನೀರಿಗಿಳಿಯುತ್ತಾನೆ. ಇಲ್ಲಿ ನಲವತ್ತು ಪ್ರಯಾಣಿಕರಿಗೆ ಇಬ್ಬರೇ. ಚುಕ್ಕಾಣಿಗೆ ತಮ್ಮ, ಉಳಿದೆಲ್ಲಕ್ಕೂ ಅಕ್ಕ. ದೋಣಿ ತಮ್ಮನದು. ಐಸ್ ಕಾರ್ಖಾನೆ ಮುಚ್ಚಿದ ಮೇಲೆ ಅಕ್ಕ ಇಲ್ಲಿ ಸೇರಿ ಹನ್ನೊಂದು ವರ್ಷ. ಉಪ್ಪುನೀರಿಗೆ ಬೆರಳ ಸಂದುಗಳು ಬಿರಿದಿವೆ. ಬಿಸಿಲಿಗೆ ಸದಾ ಕಿರಿದಾಗಿಸಿಕೊಂಡ ಕಣ್ಣು ಈಗ ನೆರಳಿನಲ್ಲೂ ಪೂರ್ತಿ ತೆರೆಯುವುದಿಲ್ಲ.

ಕಟ್ಟೆಯವರೆಲ್ಲ ಕರೆಯುವುದು ಚಪ್ಪಲಿ ಅಕ್ಕ ಎಂದು. ನೀರಿಗಿಳಿಯುವ ಪ್ರತಿಯೊಬ್ಬರೂ ಎಡಗಾಲಿನ ಚಪ್ಪಲಿಯನ್ನು ಆಕೆಯ ಬುಟ್ಟಿಗೆ ಹಾಕಬೇಕು. ವಾಪಸ್ ಬಂದವರು ತಾವೇ ಕೇಳಿ ಪಡೆಯಬೇಕು. ಬುಟ್ಟಿ ಖಾಲಿಯಾಗದೆ ದೋಣಿಯ ಹಗ್ಗ ಬಿಚ್ಚುವಂತಿಲ್ಲ.

ಮೊದಲು ಆಕೆಯೂ ತಲೆಯನ್ನೇ ಎಣಿಸುತ್ತಿದ್ದರು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಲವತ್ತು ಸರಿಯಾಗಿ ಸಿಕ್ಕಿತು, ದೋಣಿ ಹೊರಟಿತು. ಬಾಡಿಗೆಯ ಕನ್ನಡಕಗಳು ಎಲ್ಲ ದೋಣಿಗಳಲ್ಲೂ ಒಂದೇ ಹಳದಿ. ಪಕ್ಕದ ದೋಣಿಯ ಹುಡುಗಿಯೊಬ್ಬಳು ತನ್ನದೆಂದುಕೊಂಡು ಇದನ್ನೇ ಹತ್ತಿದ್ದಳು. ಇವರ ಪ್ರಯಾಣಿಕರಾದ ನಿವೃತ್ತ ಮೇಷ್ಟ್ರೊಬ್ಬರು ಬಂಡೆಯ ಆಚೆ ಬದಿಯಲ್ಲಿ ಉಳಿದುಬಿಟ್ಟಿದ್ದರು. ಒಂದೂವರೆ ಗಂಟೆಯ ಮೇಲೆ ತಿರುಗಿ ಹೋದಾಗ ಅಲ್ಲಿ ನೀರು ಅವರ ಸೊಂಟದ ತನಕ ಏರಿತ್ತು.

"ಮೇಲೆ ಹತ್ತಿಸ್ಕೊಂಡಾಗ ಒಂದೇ ಮಾತು ಕೇಳಿದ್ರು. ನನ್ನ ಬಿಟ್ಟೂ ನಲವತ್ತಾಯ್ತೇನಮ್ಮಾ ಅಂತ," ಎನ್ನುವ ಅಕ್ಕ ಟಬ್ಬಿನ ನೀರು ಚೆಲ್ಲುತ್ತಾರೆ.

ಟೋಕನ್ ಕೊಟ್ಟು ನೋಡಿದರು. ಅರ್ಧ ಸಮುದ್ರದ ಪಾಲಾದವು. ಒಂಟಿ ಚಪ್ಪಲಿಯನ್ನು ಬಿಟ್ಟುಹೋಗುವವರು ಯಾರೂ ಇಲ್ಲ, ಬೇರೆಯವರದನ್ನು ಕೇಳುವವರೂ ಇಲ್ಲ.

ಈಗ ಈ ಪದ್ಧತಿಗೇ ಕುತ್ತು ಬಂದಿದೆ. ಚಪ್ಪಲಿ ಹಂಚಲು ಪ್ರತಿ ನಿಲುಗಡೆಯಲ್ಲೂ ಇಪ್ಪತ್ತು ನಿಮಿಷ ಹೋಗುತ್ತದೆ. ತಮ್ಮನಿಗೆ ನಾಲ್ಕನೇ ದ್ವೀಪ ಸೇರಿಸುವ ಆಸೆ. ಅಕ್ಕ ಟಿಕೆಟ್ ಕಿಟಕಿಯಲ್ಲಿ ಕೂರಲಿ, ಎಣಿಕೆ ತಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. "ನೆರಳು, ಫ್ಯಾನು, ಕುರ್ಚಿ. ಇನ್ನೇನಕ್ಕಾ ಬೇಕು ನಿಂಗೆ?" ಈ ವಾರ ನೋಡಿ ತೀರ್ಮಾನಿಸುವುದೆಂದು ಆಗಿದೆ.

ಇಂದು ಎರಡನೇ ದ್ವೀಪದಲ್ಲಿ ಎಲ್ಲರೂ ಹತ್ತಿದ ಮೇಲೆ ಬುಟ್ಟಿಯ ತಳದಲ್ಲಿ ಒಂದು ಕಂದು ಚಪ್ಪಲಿ ಉಳಿಯುತ್ತದೆ. ತಮ್ಮ ತಲೆ ಎಣಿಸುತ್ತಾನೆ, ನಲವತ್ತು. ಮತ್ತೆ ಎಣಿಸಿದರೆ ಮೂವತ್ತೊಂಬತ್ತು, ಜನ ಓಡಾಡುತ್ತಿದ್ದಾರೆ. ಮೊದಲಿನದೇ ಸರಿ ಎಂದು ಎಂಜಿನ್ ಶುರು ಮಾಡುತ್ತಾನೆ. ಅಕ್ಕ ಹಗ್ಗದ ಗಂಟಿನ ಮೇಲೆ ಕೂತುಬಿಡುತ್ತಾರೆ. ಹಸಿದ ಜನ ಗೊಣಗತೊಡಗುತ್ತಾರೆ. ಒಂದು ಚಪ್ಪಲಿಗೋಸ್ಕರ ಊಟ ತಪ್ಪಿತಲ್ಲ ಎಂದು ಒಬ್ಬರು, ಹೊಸ ಜೋಡಿ ನಾನೇ ಕೊಡಿಸ್ತೀನಿ ಬಿಡಮ್ಮ ಎಂದು ಇನ್ನೊಬ್ಬರು. ಇಬ್ಬರು ಬಂಡೆಯ ಹಿಂದೆ ಹುಡುಕಿ ಬರಿಗೈಲಿ ಬರುತ್ತಾರೆ. ಅಕ್ಕನ ಕಣ್ಣು ನೀರಿನ ಮೇಲೆ. ಐವತ್ತು ನಿಮಿಷ.

ಆಗ ದೋಣಿಯ ಮೂತಿಯಲ್ಲಿದ್ದ ಲೈಫ್ ಜಾಕೆಟ್‌ಗಳ ರಾಶಿ ಅಲುಗಾಡುತ್ತದೆ. ತಲೆಸುತ್ತು ಬಂದು, ಮುಂದಿನ ಏಣಿಯಿಂದ ಎಲ್ಲರಿಗಿಂತ ಮೊದಲೇ ಹತ್ತಿ, ರಾಶಿಯ ಹಿಂದೆ ಮಲಗಿದ್ದವನೊಬ್ಬ ಎದ್ದು ಕೂರುತ್ತಾನೆ. ಊಟ ಆಯ್ತಾ ಎಂದು ಕೇಳುತ್ತಾನೆ.

ದೋಣಿಯೆಲ್ಲ ನಗುತ್ತದೆ. ತಮ್ಮ ನಗುವುದಿಲ್ಲ. ಅಕ್ಕ ಚಪ್ಪಲಿ ಕೊಟ್ಟು ಹಗ್ಗ ಬಿಚ್ಚುತ್ತಾರೆ. ಮೂರನೇ ದ್ವೀಪಕ್ಕೆ ಹೊತ್ತು ಮೀರುತ್ತದೆ. ಅಲ್ಲಿ ಇಳಿಯದೆ ವಾಪಸಾಗಬೇಕಾಗುತ್ತದೆ.

ಸಂಜೆ ಕಟ್ಟೆಯಲ್ಲಿ ತಮ್ಮ ಬೆನ್ನು ಹಾಕಿ ಎಂಜಿನ್ ಒರೆಸುತ್ತಿದ್ದಾನೆ. ಮುಂದಿನ ವಾರದಿಂದ ಟಿಕೆಟ್ ಕಿಟಕಿಯೋ ದೋಣಿಯೋ, ಇನ್ನೂ ತೀರ್ಮಾನವಾಗಿಲ್ಲ. ಸುಮ್ಮಸುಮ್ಮನೆ ಕಾಯಿಸಿದಿರಿ ಎಂದು ಇಳಿಯುವವರು ಒಬ್ಬೊಬ್ಬರಾಗಿ ಬೈದು ಹೋದದ್ದನ್ನು ನೆನಪಿಸಿದರೆ ಅಕ್ಕ ಬುಟ್ಟಿಯನ್ನು ಬೋರಲು ಹಾಕುತ್ತಾರೆ.

"ಬೈಯೋಕೆ ನಲವತ್ತು ಜನಾನೂ ಇದ್ರಲ್ಲ."