ಬುರ್ಗಾ ತುಳಿದ ಹಿಮದ ಹಾದಿ

ಬುರ್ಗಾ ಸೇಲೆ ಮೂವತ್ನಾಲ್ಕು ವರ್ಷ ಮೇಲ್ಕೇರಿಗೆ ಅಂಚೆ ಹೊತ್ತವಳು. ಪುಟ್ಟ ದೇಶ ಲಿಕ್ಟೆನ್‌ಸ್ಟೈನಿನ ಆ ಬೆಟ್ಟದಲ್ಲಿ ಯಾರ ಮನೆ ನಾಯಿ ಕಚ್ಚುತ್ತದೆ, ಯಾರ ಮಗಳ ಕಾಗದ ಬರದೆ ಎಷ್ಟು ದಿನವಾಯಿತು, ಎಲ್ಲ ಅವಳಿಗೆ ಗೊತ್ತು. ಪಾರ್ಲಿಮೆಂಟ್ ಚುನಾವಣೆ ಬಂತೆಂದರೆ ಚೀಲ ಇನ್ನೂ ಭಾರ. ಮತಪತ್ರದ ಲಕೋಟೆಗಳು ಅಂಚೆಯಲ್ಲೇ ಮನೆಗೆ ಬರುತ್ತಿದ್ದವು, ತುಂಬಿ ಮತಗಟ್ಟೆಯ ಪೆಟ್ಟಿಗೆಗೆ ಹಾಕಬೇಕು. ಅಪ್ಪನಿಗೊಂದು, ಮಗನಿಗೊಂದು. ಗಂಡ ಗೆಭಾರ್ಡನದನ್ನೂ ಅವಳೇ ತಂದು ಊಟದ ಮೇಜಿನ ಮೇಲಿಡಬೇಕು. ಹೆಂಗಸರಿಗೆ ಓಟಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಜನಮತಗಣನೆ ನಡೆಸಿ ಗಂಡಸರನ್ನು ಕೇಳಿದರು: ಹೆಂಗಸರಿಗೂ ಓಟು ಕೊಡೋಣವೇ? ಬೇಡ ಎಂದರು. ಎಪ್ಪತ್ತಮೂರರಲ್ಲೂ ಬೇಡ ಎಂದರು. ಆ ಫಲಿತಾಂಶ ಬಂದ ಮಧ್ಯಾಹ್ನ ಗೆಭಾರ್ಡ್ ಊಟಕ್ಕೆ ಕೂತಾಗ ಬುರ್ಗಾ ನೇರವಾಗಿ ಕೇಳಿದಳು.

"ನೀನೇನಂತ ಬರೆದೆ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಎಲ್ಲರೂ ಏನು ಬರೆದ್ರೋ ಅದೇ."

ಅವಳು ಜಗಳವಾಡಲಿಲ್ಲ. ಮುಂದಿನ ಚುನಾವಣೆಗೆ ಮಾತ್ರ ಅವನ ಲಕೋಟೆ ಹಿಡಿದು ಹಿಮದಲ್ಲಿ ನಿಂತು ತನ್ನ ಮನೆಯ ಬಾಗಿಲನ್ನೇ ತಟ್ಟಿದಳು. "ಸೇಲೆಯವರೇ, ಅಂಚೆ!" ಅವನು ಬರಿಗಾಲಲ್ಲಿ ಓಡಿಬಂದು ಇಸಿದುಕೊಂಡ.

ಎಂಬತ್ನಾಲ್ಕರಲ್ಲಿ ಮೂರನೇ ಸಲ ಕೇಳಿದಾಗ 'ಹೌದು' ಕೂದಲೆಳೆಯಲ್ಲಿ ಗೆದ್ದಿತು. ಗೆಭಾರ್ಡ್ ಅಂಗಳದಿಂದಲೇ ಕೂಗಿದ: "ಈ ಸಲ ನಂದೂ ಹೌದು ಕಣೇ!"

ಹೆಂಗಸರು ಓಟು ಹಾಕುವ ಮೊದಲ ಪಾರ್ಲಿಮೆಂಟ್ ಚುನಾವಣೆ ಎಂಬತ್ತಾರರ ಫೆಬ್ರವರಿಯಲ್ಲಿ ಬಂತು. ಶನಿವಾರ ಹಿಮ ಕುಸಿದು ಮೇಲ್ಕೇರಿಯ ರಸ್ತೆ ಮುಚ್ಚಿಹೋಯಿತು. ಭಾನುವಾರ ಬೆಳಿಗ್ಗೆ ಕೆಳಗಿನ ಮತಗಟ್ಟೆಯ ಮುಖ್ಯಸ್ಥ ಎಂಗೆಲ್ಬೆರ್ಟ್ ಫೋನ್ ಮಾಡಿದ.

"ಹಿಮ ತೆಗೆಯೋ ಗಾಡಿ ಬರೋದು ಸಾಯಂಕಾಲಕ್ಕೆ. ಹನ್ನೆರಡಕ್ಕೆ ನಾನು ಪೆಟ್ಟಿಗೆ ಮುಚ್ಚಬೇಕು. ಮುಂದಿನ ಸಲ ಹಾಕಿದ್ರಾಯ್ತು ಬಿಡು ಬುರ್ಗಾ, ನಾಲ್ಕೇ ವರ್ಷ ತಾನೆ?"

"ಮುಂದಿನ ಸಲದ್ದು ಮುಂದಿನ ಸಲ ಹಾಕ್ತೀವಿ. ಹನ್ನೆರಡಕ್ಕೆ ಒಂದು ನಿಮಿಷ ಮುಂಚೆ ಮುಚ್ಚಿದ್ರೆ ಜೋಕೆ!"

ಹಬ್ಬದ ಕೋಟು ತೊಟ್ಟು ಹದಿನಾಲ್ಕು ಹೆಂಗಸರು ಅವಳ ಅಂಗಳಕ್ಕೆ ಬಂದಾಗಿತ್ತು. ರಸ್ತೆ ಇರದಿದ್ದರೇನು, ಕಾಡಿನೊಳಗಿನ ಹಳೆಯ ಅಂಚೆ ಹಾದಿ ಬುರ್ಗಾಳ ಕಾಲಿಗೆ ಗೊತ್ತಿತ್ತು. ಎಂಬತ್ತು ದಾಟಿದ ಕ್ರೆಸೆನ್ಸ್ ಅಜ್ಜಿ ಕೋಲು ಕುಟ್ಟಿದಳು. "ನನ್ನ ಬಿಟ್ಟು ಹೋದ್ರೆ ನೋಡಿ! ಮುಂದಿನ ಸಲಕ್ಕೆ ನಾನೆಲ್ಲಿರ್ತೀನೋ."

ಗೆಭಾರ್ಡ್ ಸೌದೆ ಎಳೆಯುವ ಜಾರುಬಂಡಿ ತಂದು ಕಂಬಳಿ ಹಾಸಿದ.

ಬುರ್ಗಾ ಮುಂದೆ ನಿಂತು ಸೊಂಟದವರೆಗಿನ ಹಿಮ ತುಳಿಯುತ್ತ ಹೋದಳು. ಹಿಂದೆ ಸಾಲಾಗಿ ಹೆಂಗಸರು, ಕೊನೆಗೆ ಅಜ್ಜಿಯನ್ನು ಕೂರಿಸಿದ ಬಂಡಿ ಎಳೆಯುತ್ತ ಗೆಭಾರ್ಡ್.

"ಮೆಲ್ಲಗೆ ಎಳೆಯೋ! ನಾನೇನು ಸೌದೇನಾ?"

"ಸೌದೆ ಆಗಿದ್ರೆ ಬಾಯ್ಮುಚ್ಕೊಂಡಿರ್ತಿತ್ತು ಅಜ್ಜಿ."

ಹಳ್ಳದ ಹತ್ತಿರ ಎಲ್ಲರೂ ನಿಂತುಬಿಟ್ಟರು. ಕಾಲುಸಂಕ ಹಿಮದ ಭಾರಕ್ಕೆ ಮುರಿದು ಬಿದ್ದಿತ್ತು. ಹನ್ನೊಂದು ಗಂಟೆ ಆಗಿಹೋಗಿತ್ತು. "ಸಾಕು, ವಾಪಸ್ ಹೋಗೋಣ" ಎಂದು ಯಾರೋ ಮೆಲ್ಲಗೆ ಅಂದರು. ಬುರ್ಗಾ ತಿರುಗಿಯೂ ನೋಡದೆ ನೀರಿಗಿಳಿದಳು. ಮೊಣಕಾಲುಮಟ್ಟದ ಮಂಜುನೀರು ಮೂಳೆಗೆ ಕಚ್ಚಿತು. ನಡುಹಳ್ಳದಲ್ಲಿ ಕಾಲೂರಿ ಕೈಚಾಚಿದಳು. "ಒಬ್ಬೊಬ್ರೇ ಬನ್ನಿ. ನನ್ನ ಕೈ ಹಿಡ್ಕೊಳ್ಳಿ." ಹದಿನಾಲ್ಕನೆಯವಳಾಗಿ ಅಜ್ಜಿ ಗೆಭಾರ್ಡನ ಬೆನ್ನೇರಿ ದಾಟಿದಳು, ಊರುಗೋಲನ್ನು ಬಾವುಟದಂತೆ ಎತ್ತಿ ಹಿಡಿದು.

ಹನ್ನೆರಡಕ್ಕೆ ಕಾಲುಗಂಟೆ ಇರುವಾಗ ಒದ್ದೆ ಲಂಗಗಳ ಆ ಮೆರವಣಿಗೆ ಮತಗಟ್ಟೆಯ ಬಾಗಿಲಲ್ಲಿ ನಿಂತಿತು. ಎಂಗೆಲ್ಬೆರ್ಟ್ ಕುರ್ಚಿಯಿಂದ ಎದ್ದೇಬಿಟ್ಟ.

"ಯಾವ ದಾರೀಲಿ ಬಂದ್ರಿ?"

"ಅಂಚೆ ದಾರೀಲಿ," ಎಂದಳು ಬುರ್ಗಾ. "ಇವತ್ತು ಅಂಚೆ ಸ್ವಲ್ಪ ತಡ."

ಅವಳು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ನಿಂತಳು. "ಸೇಲೆ, ವಾಲ್ಬುರ್ಗಾ" ಎಂದು ಅವಳ ಪೂರ್ತಿ ಹೆಸರು ಕರೆದಾಗ ಹನ್ನೆರಡಕ್ಕೆ ಎರಡೇ ನಿಮಿಷ. ಸಾವಿರಾರು ಲಕೋಟೆ ಹಂಚಿದ ಕೈ ಆ ಒಂದು ಲಕೋಟೆಯನ್ನು ಕೋಟಿನ ಒಳಜೇಬಿನಿಂದ ತೆಗೆಯಿತು. ಲಕೋಟೆ ಪೆಟ್ಟಿಗೆಯೊಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಅವಳು ಉಸಿರು ಬಿಟ್ಟಳು. ಎಂಗೆಲ್ಬೆರ್ಟ್ ಟೋಪಿ ತೆಗೆದ. ಹೊರಗೆ ನಿಂತಿದ್ದ ಹೆಂಗಸರು ಕೇಕೆ ಹಾಕಿದ ರಭಸಕ್ಕೆ ಚಾವಣಿಯ ಹಿಮ ಧೊಪ್ಪನೆ ಜಾರಿತು.

ಗಂಡಸರ ಕಾಯಂ ಮೇಜನ್ನೇ ಹಿಡಿದು ಅವರೆಲ್ಲ ಊರ ಹೋಟೆಲಿನಲ್ಲಿ ಚೀಸಿನ ಕಡುಬು ತಿನ್ನುತ್ತಿದ್ದಾಗ ರೇಡಿಯೋ ಫಲಿತಾಂಶ ಹೇಳಿತು: ಹದಿನೈದು ಜನರ ಪಾರ್ಲಿಮೆಂಟಿಗೆ ಮೊದಲ ಬಾರಿ ಒಬ್ಬ ಹೆಂಗಸು.

"ಒಬ್ಬಳೇನಾ?" ಕ್ರೆಸೆನ್ಸ್ ಅಜ್ಜಿ ಮುಖ ಸಿಂಡರಿಸಿದಳು. ಆಮೇಲೆ ಬುರ್ಗಾಳ ಲೋಟಕ್ಕೆ ತನ್ನ ಲೋಟ ತಾಗಿಸಿದಳು. "ಹೋಗ್ಲಿ, ಬಾಗಿಲು ತೆಗೆದಾಯ್ತಲ್ಲ. ಏ ಗೆಭಾರ್ಡ್, ಇನ್ನೊಂದು ತಟ್ಟೆ ಕಡುಬು ಹೇಳೋ!"