ಎಸರು ಬದಲಾದರೆ

ನಾನು ಒಳ್ಳೆಯವಳಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ನನ್ನ ಮೇಲೆ ಕನಿಕರ ಪಡುವ ತಾಪತ್ರಯ ಇರುವುದಿಲ್ಲ.

ದಾವಣಗೆರೆಯಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಪ್ರಯೋಗಾಲಯದಲ್ಲೇ ಠಿಕಾಣಿ ಹೂಡಿದ್ದಾಗ ಅವಳು ಬಂದಳು. ಭಾನುವಳ್ಳಿಯವಳು, ಹರಿಹರದಲ್ಲಿ ಬಸ್ಸು ಬದಲಿಸಿ ದಿನಾ ಬರುತ್ತಿದ್ದಳು. ನನಗಿಂತ ಒಂದು ವರ್ಷ ಚಿಕ್ಕವಳಾದ್ದರಿಂದ ಅಕ್ಕಾ ಎನ್ನುತ್ತಿದ್ದಳು. ನಮ್ಮ ಸರ್ ಹತ್ತಿರ ಇದ್ದದ್ದು ಒಂದೇ ಸಹಾಯಕರ ಹುದ್ದೆ. ಅದು ಸಿಕ್ಕವರಿಗೆ ಪಿಎಚ್.ಡಿ. ಮಾಡುವ ಅವಕಾಶ. ಆ ಹುದ್ದೆ ಸಿಗದಿದ್ದರೆ ಓದಿದ್ದು ಸಾಕು ಎಂದು ಅವಳ ಮನೆಯಲ್ಲಿ ಹೇಳಿಯಾಗಿತ್ತು. ಇದನ್ನು ಅವಳೇ ನನ್ನನ್ನು ನಂಬಿ ಹೇಳಿಕೊಂಡಿದ್ದಳು.

ಬ್ಯುಟೈಲ್ ಅಕ್ರಿಲೇಟ್ ಎಂಬ ದ್ರವವನ್ನು ಬಿಸಿ ಮಾಡಿ ಅದರ ಸಣ್ಣ ಅಣುಗಳನ್ನು ಉದ್ದನೆಯ ಸರಪಳಿಯಾಗಿ ಹೆಣೆಯುವುದು ನಮ್ಮ ಕೆಲಸ. ಅದರ ಘಾಟು ಕೂದಲಿಗೆ ಹತ್ತಿದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಯಾವ ದ್ರಾವಕದಲ್ಲಿ ಕರಗಿಸಿದರೂ ಹೆಣೆಯುವ ವೇಗ ಹೆಚ್ಚುಕಡಿಮೆ ಒಂದೇ ಎಂದು ಸರ್ ನಂಬಿದ್ದರು. ಟೊಲ್ಯೂಯಿನ್ ಎಂಬ ದ್ರಾವಕಕ್ಕಿಂತ ಬ್ಯುಟನಾಲ್‌ ಎಂಬುದರಲ್ಲಿ ಬೇಗ ಆಗುತ್ತದೆ ಎಂದು ಇವಳ ಅಳತೆ ಹೇಳಿತು.

"ದ್ರಾವಕ ಅಂದ್ರೆ ಬರೀ ಪಾತ್ರೆ. ಪಾತ್ರೆ ಎಲ್ಲಾದ್ರೂ ಅಡುಗೆ ಮಾಡ್ತೈತೇನಮ್ಮ?" ಎಂದರು ಸರ್, ಎಲ್ಲರೆದುರಿಗೆ.

"ಪಾತ್ರೆ ಅಲ್ರಿ ಸರ್, ಎಸರು. ಎಸರು ಬದಲಾದ್ರೆ ಅಕ್ಕಿ ಬೇಯೋದೂ ಬದಲಾಗ್ತೈತಲ್ರಿ. ಬ್ಯುಟನಾಲ್ ಹೈಡ್ರೋಜನ್ ಬಂಧದಿಂದ ಅಕ್ರಿಲೇಟನ್ನ ಹಿಡ್ಕೊಂತೈತೆ, ಸರಪಳಿ ಬೇಗ ಬೆಳೀತೈತೆ."

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವಳ ಮಾತು ಸರಿಯಿತ್ತು, ಅದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಮರುದಿನದಿಂದ ಅವಳಿಗೆ 'ಎಸರು' ಎಂದು ಹೆಸರಿಟ್ಟವಳೂ ನಾನೇ. "ಎಸರು ಬಂತೇನ್ರಿ? ಕುದೀತೈತೆ, ದೂರ ನಿಲ್ರಿ." ವಾರದೊಳಗೆ ಅಟೆಂಡರ್ ಕೂಡ ಹಾಗೇ ಕರೆಯತೊಡಗಿದ. ಅವಳು ಸುಮ್ಮನೆ ನಗುತ್ತಿದ್ದಳು. ಆ ನಗು ಕಂಡರೆ ನನ್ನ ಮೈ ಉರಿಯುತ್ತಿತ್ತು.

ಅವಳ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಲು ಸರ್ ನನಗೇ ಹೇಳಿದರು. ಶುರು ಮಾಡುವ ಮೊದಲು ಇಪ್ಪತ್ತು ನಿಮಿಷ ನೈಟ್ರೋಜನ್ ಹಾಯಿಸಿ ದ್ರಾವಣದೊಳಗಿನ ಆಮ್ಲಜನಕವನ್ನು ಓಡಿಸಬೇಕು. ಅದು ಉಳಿದುಕೊಂಡರೆ ಕ್ರಿಯೆ ತಡವಾಗಿ ಏಳುತ್ತದೆ. ಟೊಲ್ಯೂಯಿನ್ ಶೀಸೆಗೆ ಇಪ್ಪತ್ತು ನಿಮಿಷ ಬಿಟ್ಟೆ. ಬ್ಯುಟನಾಲ್ ಶೀಸೆಗೆ ಎರಡು. ಮರೆತು ಅಲ್ಲ, ಗಡಿಯಾರ ನೋಡಿಕೊಂಡೇ ನಳಿಕೆ ಎತ್ತಿದೆ. ಒಂದು ಗಂಟೆಯ ನಂತರ ಸರಪಳಿಯಾಗಿ ಹೆಣೆದುಕೊಂಡ ಪಾಲಿಮರ್ ಒಣಗಿಸಿ ತೂಗಿದರೆ ಎರಡೂ ಸರಿಸುಮಾರು ಸಮ.

ಸರ್ ಅವಳ ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದು, "ಮನೀಗೆ ಹೋಗಿ ಎಸರಿಡಮ್ಮ" ಎಂದರು. ಅವಳು ಹೋದಳು. ಹುದ್ದೆ ನನಗೆ ಬಂತು. ಸುಳ್ಳೇಕೆ, ಖುಷಿಯಾಯಿತು, ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದೆ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಬ್ಯುಟನಾಲ್‌ನಲ್ಲಿ ವೇಗ ಹೆಚ್ಚುತ್ತದೆ ಎಂಬುದರ ಮೇಲೇ ಇದೆ. ಆಗ ಸರ್ ಅದನ್ನು ಬಹಳ ಮೆಚ್ಚಿದರು.

ಹೋದ ವರ್ಷ ನನ್ನ ವಿದ್ಯಾರ್ಥಿಗಳನ್ನು ಹರಿಹರದ ಸಣ್ಣದೊಂದು ಅಂಟಿನ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು ಅವಳೇ. ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟು ಚಹಾ ತರಿಸಿದಳು. ದ್ರಾವಕ ಬದಲಾದರೆ ವೇಗ ಬದಲಾಗುತ್ತದೆಯೇ ಎಂದು ಹುಡುಗಿಯೊಬ್ಬಳು ಕೇಳಿದಳು.

"ನಾನೂ ಒಂದು ಕಾಲಕ್ಕೆ ಹಂಗೇ ಅನ್ಕೊಂಡಿದ್ದೆ," ಎಂದು ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ಇಲ್ಲಿ ಬ್ಯುಟನಾಲ್ ಬಳಸಲ್ಲ, ಮತ್ತೆ ಮಾಡಿ ನೋಡೋಕಾಗ್ಲಿಲ್ಲ. ಆವತ್ತು ನೀವು ನೈಟ್ರೋಜನ್ ಎಷ್ಟು ನಿಮಿಷ ಬಿಟ್ಟಿದ್ರಿ?"

ದನಿಯಲ್ಲಿ ಕುಹಕವಿರಲಿಲ್ಲ. ಇಷ್ಟು ವರ್ಷ ಅವಳು ತನ್ನ ಕೈಯನ್ನೇ ಅನುಮಾನಿಸಿಕೊಂಡು ಬಂದಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ವಿದ್ಯಾರ್ಥಿಗಳು ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು.

"ಇಪ್ಪತ್ತು," ಎಂದೆ.

"ಹಂಗಾದ್ರೆ ತಪ್ಪು ನಂದೇ ಬಿಡ್ರಿ," ಎಂದು ತಲೆಯಾಡಿಸಿ, ಅವಳು ವಿದ್ಯಾರ್ಥಿಗಳಿಗೆ ಹೇಳಿದಳು, "ಬರ್ಕೊಳ್ರಿ, ಇಪ್ಪತ್ತು ನಿಮಿಷ. ನಿಮ್ಮ ಮೇಡಂ ಥರ ಕೆಲಸ ಕಲೀಬೇಕು."

ಎಲ್ಲರೂ ಬರೆದುಕೊಂಡರು.