ಬೋನ್ಸಾಯ್ ಇಟ್ಟಿದ್ದ ಸ್ಟ್ಯಾಂಡು

ಪಾಲಿಶ್ ಕೆಲಸಕ್ಕೆಂದು ಆಳಂದದಲ್ಲಿ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಬೋನ್ಸಾಯ್ ಹುಣಸೆಗಿಡ ಇಟ್ಟಿದ್ದ ಸಾಗವಾನಿ ಸ್ಟ್ಯಾಂಡು ನೀರು ಕುಡಿದು ಕಪ್ಪಾಗಿತ್ತು. ಗಿಡವಂತೂ ಪೂರ್ತಿ ಒಣಗಿತ್ತು.

“ಗಿಡ ಸತ್ತದಲ್ರಿ ಚಾಚಾ, ಇನ್ನ್ಯಾಕ ನೀರು ಹಾಕ್ತೀರಿ?” ಎಂದೆ.

ಅವರು ಕುಂಡವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. “ನನ್ನ ಮಗಳು ಬೆಳೆಸಿದ್ದಪ. ದವಾಖಾನಿಗಿ ಹೋಗೋ ಮುಂದ ‘ಅಬ್ಬಾ, ನಾ ಬರೋತನ ನೀರು ಹಾಕ್ರಿ’ ಅಂದಿದ್ಲು. ಆಕಿ ವಾಪಸ್ ಬರಲಿಲ್ಲ. ಈ ಸ್ಟ್ಯಾಂಡಾದ್ರೂ ಉಳಿಸಿಕೊಡು.”

ಕಟ್ಟಿಗೆ ಒಣಗಿಸಿ, ಉಜ್ಜಿ, ವಾರ್ನಿಶ್ ಹೊಡೆದು, ಕುಂಡದ ಕೆಳಗೊಂದು ಸ್ಟೀಲ್ ತಟ್ಟೆ ಇಟ್ಟೆ.

“ಇನ್ನ ನೀರು ಹಾಕಬಹುದೇನು?” ಎಂದು ಕೇಳಿದರು.

“ದಿನಾ ಹಾಕ್ರಿ, ಏನೂ ಆಗಂಗಿಲ್ಲ” ಎಂದೆ.

ತಟ್ಟೆ ತುಂಬಿ ಚೆಲ್ಲುವ ನೀರಿಗೆ ದಿನವೂ ತೋಯುವ ಕಟ್ಟಿಗೆಯ ಮೇಲೆ ಯಾವ ವಾರ್ನಿಶ್ಶೂ ಬಹಳ ಕಾಲ ನಿಲ್ಲುವುದಿಲ್ಲ. ನಮ್ಮ ಕಸುಬಿನಲ್ಲಿ ಸುಳ್ಳು ಗ್ಯಾರಂಟಿ ಹೊಸದೇನಲ್ಲ. ಲಾಭಕ್ಕಲ್ಲದೆ ನಾನು ಕೊಟ್ಟದ್ದು ಅದೊಂದೇ.